ಮೊದಲ ಪಟದ ಗುಮಾಸ್ತ

ಇಪ್ಪತ್ತೊಂಬತ್ತು ವರ್ಷ ಯಾವ ಕೆಲಸ ಮಾಡಿದೆ ಎಂದು ಯಾರಾದರೂ ಕೇಳಿದರೆ ಸರಿಯಾದ ಉತ್ತರ ಕೊಡಲು ನನಗೆ ಇವತ್ತಿಗೂ ಬರುವುದಿಲ್ಲ. ಕಾಗದಪತ್ರಗಳಲ್ಲಿ ನಾನು ಇಚಲಕರಂಜಿಯ ಒಂದು ಸೈಝಿಂಗ್ ಕಾರಖಾನೆಯ ಗೋಡೌನ್ ಗುಮಾಸ್ತ. ನೂಲಿಗೆ ಗಂಜಿ ಹಾಕಿ ಮಗ್ಗಕ್ಕೆ ಸಿದ್ಧಮಾಡಿ ಕೊಡುವ ಕಾರಖಾನೆ ಅದು. ನಿವೃತ್ತಿಯ ದಿನ ಹಾರ ಹಾಕಿ, ಶಾಲು ಹೊದಿಸಿ, ಗೋಡೌನನ್ನು ನಾನು ಎಷ್ಟು ಚೊಕ್ಕ ಇಟ್ಟಿದ್ದೆ ಎಂದು ಇಬ್ಬರು ಭಾಷಣ ಮಾಡಿದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ನನ್ನನ್ನು ಆ ಊರಿಗೆ ಕರೆತಂದದ್ದು ಗೋಡೌನಿಗಾಗಿ ಅಲ್ಲ, ಚದುರಂಗ ಆಡುವುದಕ್ಕೆ. ಆ ಮಾತನ್ನು ಅವತ್ತು ಯಾರೂ ಎತ್ತಲಿಲ್ಲ. ನೆನಪಿದ್ದವರು ಬಹುಶಃ ನಾನೊಬ್ಬನೇ.

ಈಗ ಚದುರಂಗವನ್ನೇ ವೃತ್ತಿ ಮಾಡಿಕೊಳ್ಳಲು ಹೊರಟ ಮಕ್ಕಳನ್ನು ನೋಡುತ್ತೇನೆ. ಅವರಿಗೆ ತರಬೇತುದಾರರಿದ್ದಾರೆ, ಪುಸ್ತಕಗಳಿವೆ, ತಪ್ಪು ನಡೆಯನ್ನು ಆ ಕ್ಷಣದಲ್ಲೇ ತೋರಿಸುವ ಯಂತ್ರಗಳಿವೆ. ನಮ್ಮ ಕಾಲದಲ್ಲಿಯೂ ಹೀಗೇ ಇತ್ತು, ಇಷ್ಟು ದೊಡ್ಡದಿರಲಿಲ್ಲ ಅಷ್ಟೆ ಎಂದು ಅವರು ತಿಳಿದಂತಿದೆ. ಹಾಗಿರಲಿಲ್ಲ. ಹೇಗಿತ್ತು ಎಂಬುದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ತಿಳಿಯದೇ ಉಳಿದದ್ದೂ ಇದೆ, ಅದನ್ನೂ ಬರೆಯುತ್ತೇನೆ.

ನಮ್ಮೂರು ಹಲಕರ್ಣಿ. ಮನೆಯಲ್ಲಿ ಕಬ್ಬಿನ ಹೊಲ. ದೊಡ್ಡಪ್ಪನಿಗೆ ಚದುರಂಗದ ಹುಚ್ಚು. ಗಾಣ ಆಡುವ ದಿನಗಳಲ್ಲಿ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿದ್ದರೆ, ಪಕ್ಕದಲ್ಲೇ ಬಟ್ಟೆಯ ಪಟ ಹಾಸಿ ನನ್ನನ್ನು ಎದುರಿಗೆ ಕೂಡಿಸಿಕೊಳ್ಳುತ್ತಿದ್ದ. ಒಂದೆರಡು ಸಲ ಬೆಲ್ಲ ಸೀದುಹೋಗಿ ಮನೆಯಲ್ಲಿ ಜಗಳವಾಗಿತ್ತು. ಇಪ್ಪತ್ತರ ಹೊತ್ತಿಗೆ ಸುತ್ತಲಿನ ಹಳ್ಳಿಗಳಲ್ಲಿ ನನ್ನನ್ನು ಸೋಲಿಸುವವರು ಸಿಗುತ್ತಿರಲಿಲ್ಲ.

ಐವತ್ತರ ದಶಕ ಮುಗಿಯುವ ಹೊತ್ತು. ಗಡಹಿಂಗ್ಲಜದ ಒಂದು ಮದುವೆಯ ಚಪ್ಪರದಲ್ಲಿ ನಾಲ್ಕು ಜನರೊಡನೆ ಒಂದೇ ಸಲಕ್ಕೆ ಆಡುತ್ತಿದ್ದೆ. ಬೀಗರ ಕಡೆಯ ವ್ಯಾಪಾರಿ ಸ್ನೇಹಿತರೊಬ್ಬರು ಬಹಳ ಹೊತ್ತು ನಿಂತು ನೋಡಿದರು. ಅವರೇ ಭೂಪಾಲಣ್ಣ, ಇಚಲಕರಂಜಿಯ ಸೈಝಿಂಗ್ ಮಾಲೀಕರು.

"ನಿನಗ ಅಕ್ಷರ ಬರತಾವೇನೊ?" ಎಂದು ಕೇಳಿದರು.

"ಬರತಾವ್ರಿ. ಮರಾಠಿನೂ ಬರತೈತಿ."

"ಈ ನಾಕೂ ಮಂದಿನ್ನ ಸೋಲಸ್ತಿ?"

"ಮೂರ ಮಂದಿನ್ನ ಖರೆ. ನಾಕನೇದವರದು ಹೇಳಾಕ ಬರೂದಿಲ್ರಿ."

"ಸೋಮವಾರ ಇಚಲಕರಂಜಿಗೆ ಬಾ. ಗೋಡೌನಿನ್ಯಾಗ ಒಂದ ಜಾಗಾ ಐತಿ," ಎಂದು ಹೇಳಿ ಊಟಕ್ಕೆ ಹೋದರು. ನಾಲ್ಕನೆಯವರ ಕೈಯಲ್ಲಿ ನಾನು ಸೋತೆ. ಅದನ್ನು ಅವರು ನೋಡಲಿಲ್ಲ.

ಭೂಪಾಲಣ್ಣನಿಗೆ ಕುದುರೆ ಹೇಗೆ ನಡೆಯುತ್ತದೆ ಎಂಬುದೂ ಗೊತ್ತಿರಲಿಲ್ಲ. ಹಾಗಿದ್ದ ಮೇಲೆ ಚದುರಂಗದ ಆಳು ಯಾಕೆ ಬೇಕಾಯಿತು? ಬೇರೆ ಮಾಲೀಕರು ಪೈಲವಾನರನ್ನು ಸಾಕುತ್ತಿದ್ದರು, ವಾಲಿಬಾಲ್ ತಂಡ ಕಟ್ಟುತ್ತಿದ್ದರು. ಇವರು ಗೋಡೌನಿನ ಮೇಲಿನ ಕೋಣೆಯಲ್ಲಿ ನಾಲ್ಕು ಪಟ ಹಾಸಿದರು. ಬೆಳಿಗ್ಗೆ ನಾನು ನೂಲಿನ ಗಂಟುಗಳ ಚೀಟಿ ನೋಡುತ್ತಿದ್ದೆ, ಮಧ್ಯಾಹ್ನದ ಮೇಲೆ ಆ ಕೋಣೆಗೆ ಬಂದವರ ಜೊತೆ ಆಡುತ್ತಿದ್ದೆ. ಕಾರಖಾನೆಯ ಪಾಹುಣ್ಯಾರು, ಎಂದರೆ ಅತಿಥಿಗಳು, ಬಂದರೆ ಅವರೊಡನೆಯೂ ಆಡಬೇಕು. ಅವರ ಜೊತೆ ಗೆಲ್ಲಬೇಕೋ ಸೋಲಬೇಕೋ ತಿಳಿಯದೆ ಒಮ್ಮೆ ಭೂಪಾಲಣ್ಣನನ್ನೇ ಕೇಳಿದೆ.

"ನನ್ನ ಕೇಳಬ್ಯಾಡಪಾ. ಆಟ ನಿನಗ ತಿಳೀತೈತಿ, ನನಗಲ್ಲ," ಎಂದರು.

ಮರ್ಯಾದೆಗೆ ಎಂದು ಸಾಂಗಲಿಯ ಒಬ್ಬ ನೂಲಿನ ವ್ಯಾಪಾರಿಗೆ ಒಂದು ಆಟ ಬಿಟ್ಟುಕೊಟ್ಟೆ. ಅವರು ಕೆಳಗಿಳಿದು ಹೋಗಿ, ನಿಮ್ಮ ಮನುಷ್ಯ ನನ್ನ ಜೊತೆ ಆಡಲೇ ಇಲ್ಲ ಎಂದು ದೂರು ಹೇಳಿದರು. ಮರುವಾರ ಇನ್ನೊಬ್ಬರನ್ನು ಇಪ್ಪತ್ತು ನಡೆಗಳಲ್ಲಿ ಮುಗಿಸಿದೆ. ಅವರು ಊಟ ಮಾಡದೇ ಎದ್ದು ಹೋದರು. ಎರಡೂ ಸಲ ಭೂಪಾಲಣ್ಣ ನನ್ನನ್ನು ಒಂದೇ ರೀತಿ ನೋಡಿದರು. ಆ ನೋಟದ ಅರ್ಥ ನನಗೆ ಆಗಲಿಲ್ಲ. ಈ ಕೆಲಸಕ್ಕೆ ಬರುವವರಿಗೆ ನಾನು ಹೇಳಬಹುದಾದದ್ದು ಇಷ್ಟೆ: ಮೇಲಿನವರಿಗೆ ಏನು ಬೇಕೆಂದು ಅವರಿಗೇ ಗೊತ್ತಿರುತ್ತದೆ ಎಂದು ನಂಬಬೇಡಿ.

ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿದ್ದು ಕಾಯದೆಗಳು. ದೊಡ್ಡಪ್ಪ ಕಲಿಸಿದ ಆಟದಲ್ಲಿ ಪ್ಯಾದೆ, ಎಂದರೆ ಕಾಲಾಳು, ಒಂದೊಂದೇ ಮನೆ ನಡೆಯುತ್ತಿತ್ತು. ರಾಜ ಒಮ್ಮೆ ಮಾತ್ರ ಕುದುರೆಯ ಹಾಗೆ ಜಿಗಿಯಬಹುದಿತ್ತು. ಪ್ಯಾದೆ ಎದುರಿನ ಕೊನೆಯ ಸಾಲು ಮುಟ್ಟಿದರೆ, ಯಾವ ಕಾಯಿಯ ಮನೆ ಮುಟ್ಟಿತೋ ಅದೇ ಕಾಯಿಯಾಗುತ್ತಿತ್ತು. ಆನೆಯ ಮನೆಯಲ್ಲಿ ಆನೆ, ಕುದುರೆಯ ಮನೆಯಲ್ಲಿ ಕುದುರೆ. ಕೊಲ್ಹಾಪುರದ ಕ್ಲಬ್ಬಿನವರು ಪರದೇಶದ ಕಾಯದೆ ಹಿಡಿದಿದ್ದರು. ಅಲ್ಲಿ ಪ್ಯಾದೆ ಮೊದಲ ಸಲ ಎರಡು ಮನೆ ಹೋಗಬಹುದು. ರಾಜನಿಗೆ ಜಿಗಿತವಿಲ್ಲ. ಕೊನೆಯ ಸಾಲಿನಲ್ಲಿ ಎಲ್ಲಿ ಮುಟ್ಟಿದರೂ ಪ್ಯಾದೆ ವಜೀರನಾಗಬಹುದು, ಮತ್ತು ವಜೀರನೆಂದರೆ ಎಲ್ಲಕ್ಕಿಂತ ಬಲವಾದ ಕಾಯಿ. ಇಚಲಕರಂಜಿಯಲ್ಲಿ ಎರಡೂ ಬೆರೆತಿದ್ದವು. ಒಂದೇ ವಾರದಲ್ಲಿ ಮೂರು ಊರು, ಮೂರು ಆಟ. ಬಸ್ಸು ಕಾಗಲ ದಾಟಿ ಕೊಲ್ಹಾಪುರದ ಕಡೆ ಹೊರಟರೆ ರಾಜನ ಜಿಗಿತವನ್ನು ಮರೆಯಬೇಕು, ಸಂಕೇಶ್ವರದ ಕಡೆ ಹೊರಟರೆ ಮತ್ತೆ ನೆನಪಿಸಿಕೊಳ್ಳಬೇಕು.

ಕೊಲ್ಹಾಪುರದಲ್ಲಿ ನನ್ನ ಮೊದಲ ದೊಡ್ಡ ಪಂದ್ಯ. ಎರಡೂ ಕಡೆ ನಾಲ್ಕು ನಾಲ್ಕು ಜನ. ಮೊದಲ ಪಟಕ್ಕೆ ತಂಡದ ಬಲಿಷ್ಠ ಆಟಗಾರ ಕೂಡಬೇಕು. ನಾನು ಕೂತೆ. ಮೂರು ತಾಸಿನ ನಂತರ ನನ್ನ ಪ್ಯಾದೆ ಕೊನೆಯ ಸಾಲು ಮುಟ್ಟಿತು, ಅದೂ ಕುದುರೆಯ ಮನೆಯಲ್ಲಿ. ನನ್ನ ಕೈ ತಾನಾಗಿ ಹೋಗಿ ಒಂದು ಕುದುರೆಯನ್ನು ಎತ್ತಿ ಅಲ್ಲಿಟ್ಟಿತು. ವಜೀರ ಇಟ್ಟಿದ್ದರೆ ಎರಡು ನಡೆಗಳಲ್ಲಿ ಆಟ ಮುಗಿಯುತ್ತಿತ್ತು. ಎದುರಿನವರು ನನ್ನನ್ನು ನೋಡಿದರು, ತೀರ್ಪು ಕೊಡುವ ಪಂಚರನ್ನು ನೋಡಿದರು. ಪಂಚರು ನಿಧಾನವಾಗಿ "ಠೇವಲಾ ತೋ ಠೇವಲಾ," ಎಂದರು. ಇಟ್ಟದ್ದು ಇಟ್ಟ ಹಾಗೇ. ಆ ಆಟ ಸೋತೆ, ತಂಡವೂ ಸೋತಿತು.

ಮರಳಿ ಬಂದ ಮೇಲೆ ಭೂಪಾಲಣ್ಣ ಕೇಳಿದರು: "ವಜೀರ ಸಿಗತಿದ್ದಾಗ ಕುದುರಿ ಯಾಕ ತಗೊಂಡ್ಯೊ?"

"ಕೈ ತಪ್ಪಿತ್ರಿ."

"ಕೈ ನಿಂದ ಅಲ್ಲೇನು?"

ಆಮೇಲೆ ಅವರೇ ಹೇಳಿದರು: "ಒಬ್ಬನ ಮ್ಯಾಲ ತಂಡ ನಿಂದ್ರೂದಿಲ್ಲ. ಇನ್ನೊಬ್ಬ ಗಟ್ಟಿ ಮನಷ್ಯಾನ್ನ ಹುಡಕು. ಬರೂ ವರ್ಷ ಕೊಲ್ಹಾಪುರದಾಗ ಸೋತ್ರ ಈ ಖೋಲಿ ನೂಲಿಗೆ ಬೇಕಾಗೇತಿ."

ಕೋಣೆ ನೂಲಿಗೆ ಹೋದರೆ ನಾನು ಬರೀ ಗುಮಾಸ್ತನಾಗಿ ಉಳಿಯುತ್ತೇನೆ, ಅಥವಾ ಅದೂ ಆಗುವುದಿಲ್ಲ. ಅಂದಿನಿಂದ ಪ್ರತಿ ರವಿವಾರ ಬಸ್ಸು ಹತ್ತಿ ಆಟಗಾರರನ್ನು ಹುಡುಕತೊಡಗಿದೆ. ಬಿದ್ರಿಯಲ್ಲಿ ಇಬ್ಬರು, ಮುರಗೂಡದಲ್ಲಿ ಒಬ್ಬರು ಸಿಕ್ಕರು. ಯಾರೂ ಎರಡನೆಯ ಪಟಕ್ಕೆ ಸಾಲುವವರಲ್ಲ. ಆಗ ಗಡಹಿಂಗ್ಲಜದ ಗುರುಸಿದ್ಧಪ್ಪನ ಹೆಸರು ಕಿವಿಗೆ ಬಿತ್ತು. ಮೆಣಸಿನಕಾಯಿ ವ್ಯಾಪಾರಿ. ಅವನ ಮನೆಗೆ ಹೋಗಿ ಗೆದ್ದು ಬಂದವರಿಲ್ಲ ಎಂದು ಊರವರು ಹೇಳುತ್ತಿದ್ದರು.

ಗುರುಸಿದ್ಧಪ್ಪ ಮೂವತ್ತೈದರ ಆಸುಪಾಸಿನ, ನಗುಮುಖದ, ಸ್ವಲ್ಪ ದಪ್ಪಗಿನ ಮನುಷ್ಯ. ಪಡಸಾಲೆಯ ತುಂಬ ಮೆಣಸಿನಕಾಯಿ ಚೀಲಗಳು, ನಡುವೆ ಚಾಪೆ, ಚಾಪೆಯ ಮೇಲೆ ಪಟ. ಆಡಲು ಕೂತ ಸ್ವಲ್ಪ ಹೊತ್ತಿಗೇ ನನಗೆ ಗಲಿಬಿಲಿಯಾಯಿತು. ಒಂಬತ್ತು ನಡೆ ಅದ್ಭುತವಾಗಿ ಆಡುವನು. ನಾನು ಮೂರು ನಡೆ ಮುಂದೆ ಎಣಿಸಿದರೆ ಅವನು ಐದು ಎಣಿಸಿರುವನು. ಹತ್ತನೆಯ ನಡೆ ಮಾತ್ರ ನಿನ್ನೆ ಕಲಿತವನ ಹಾಗೆ. ಇದು ಬಲೆ ಇರಬಹುದೆಂದು ನಾನು ಆ ಕಾಯಿಯನ್ನು ಹೊಡೆಯಲು ಹೆದರುತ್ತಿದ್ದೆ. ಮೇಲಿಂದ ಮೇಲೆ ನೀರು ಕುಡಿಯಲು ಒಳಗೆ ಹೋಗುವನು. ಮೆಣಸಿನಕಾಯಿಯ ಘಾಟಿಗೆ ಗಂಟಲು ಒಣಗುತ್ತದೇನೋ ಎಂದುಕೊಂಡೆ. ಎರಡು ಆಟ ಆಡಿದೆವು. ಒಂದು ಸೋತೆ, ಇನ್ನೊಂದು ಕಷ್ಟಪಟ್ಟು ಸರಿಸಮ ಮಾಡಿಕೊಂಡೆ.

ಹುಲಿ ಸಿಕ್ಕಿತು ಎಂದು ಭೂಪಾಲಣ್ಣನಿಗೆ ಹೇಳಿದೆ. ಮರುವಾರ ಗುರುಸಿದ್ಧಪ್ಪ ಇಚಲಕರಂಜಿಗೆ ಬಂದು ನಮ್ಮ ಮೂರನೆಯ ಪಟದ ಆಟಗಾರನ ಎದುರು ಕೂತ. ಹದಿನಾಲ್ಕು ನಡೆಗಳಲ್ಲಿ ಸೋತ. ಇನ್ನೊಮ್ಮೆ ಆಡಿದ, ಇನ್ನೂ ಬೇಗ ಸೋತ. ಬೆವರು ಒರೆಸಿಕೊಳ್ಳುತ್ತ ಸುಮ್ಮನೆ ನಗುತ್ತಿದ್ದ.

"ಇದ ನಿನ್ನ ಹುಲಿ?" ಎಂದರು ಭೂಪಾಲಣ್ಣ.

ಪರಸ್ಥಳದ ಅಂಜಿಕೆ ಇರಬೇಕು ಎಂದುಕೊಂಡೆ. ಎರಡನೆಯ ಸಲ ಅವನ ಮನೆಯ ಪಟವನ್ನೇ ತರಲು ಹೇಳಿದೆ. ಅವನ ಚಾಪೆ ತರಿಸಿದೆ. ನೀರಿನ ತಂಬಿಗೆಯನ್ನೂ ಪಕ್ಕದಲ್ಲಿಟ್ಟೆ. ಆಗಲೂ ಸೋತ. ತಂಬಿಗೆಯನ್ನು ಅವನು ಮುಟ್ಟಲಿಲ್ಲ. ನನಗೆ ನನ್ನ ಮೇಲೇ ಅನುಮಾನ ಹುಟ್ಟಿತು. ಗಡಹಿಂಗ್ಲಜದಲ್ಲಿ ನಾನು ನಿಜವಾಗಿ ಯಾರ ಜೊತೆ ಆಡಿ ಸೋತೆ?

ಅದನ್ನು ತಿಳಿಯಲೆಂದೇ ಇನ್ನೊಮ್ಮೆ ಅವನ ಮನೆಗೆ ಹೋದೆ. ಗುರುಸಿದ್ಧಪ್ಪ ಮುಜುಗರ ಪಟ್ಟುಕೊಂಡೇ ಆಡಲು ಕೂತ. ಮತ್ತೆ ಅದೇ ಒಂಬತ್ತು ಒಳ್ಳೆಯ ನಡೆ, ಒಂದು ಕೆಟ್ಟ ನಡೆ, ನಡುವೆ ನೀರು. ಆಟ ಅರ್ಧಕ್ಕೆ ಬಂದಿರಬೇಕು, ಪೇಟೆಯಿಂದ ಒಬ್ಬ ಬಂದು ಮೆಣಸಿನಕಾಯಿ ಲಿಲಾವು, ಹರಾಜು, ಶುರುವಾಗಿದೆ ಎಂದ.

"ನೀವು ಕೂಡ್ರಿ, ಈರಪ್ಪನವರ. ಅರ್ಧಾ ತಾಸಿನ್ಯಾಗ ಬಂದಬಿಡತೇನಿ," ಎಂದು ನನಗೆ ಹೇಳಿ ಗುರುಸಿದ್ಧಪ್ಪ ಹೋದ. ನಡೆ ಅವನದಿತ್ತು.

ಘಾಟಿಗೆ ನನ್ನ ಕಣ್ಣು ಉರಿಯುತ್ತಿದ್ದವು. ಅಂಗಳಕ್ಕೆ ಹೋಗಿ ತೊಟ್ಟಿಯ ನೀರಿನಿಂದ ಕಣ್ಣು ತೊಳೆದುಕೊಂಡು ಬಂದೆ. ಬಂದು ನೋಡಿದರೆ ಮೂಲೆಯಲ್ಲಿದ್ದ ಅವನ ಒಂಟೆಯ ಕಾಯಿ ಪಟದ ನಡುವೆ ಬಂದು ಕೂತಿತ್ತು.

ನಾನೇ ಮರೆತಿರಬೇಕು, ಅದು ಅಲ್ಲೇ ಇದ್ದಿರಬೇಕು ಎಂದುಕೊಂಡು ಸ್ವಲ್ಪ ಹೊತ್ತು ನೋಡಿದೆ. ಇಲ್ಲ, ಅದು ಮೂಲೆಯಲ್ಲೇ ಇತ್ತು. ಕೋಣೆಯಲ್ಲಿ ಯಾರೂ ಇಲ್ಲ. ಒಳಗಿನ ಬಾಗಿಲು ಅರ್ಧ ಮುಚ್ಚಿತ್ತು. ಒಂಟೆ ಬಂದ ಜಾಗ ಎಷ್ಟು ಸರಿಯಾಗಿತ್ತೆಂದರೆ ನನಗೆ ಉತ್ತರ ಹುಡುಕಲು ಕಾಲು ತಾಸು ಹಿಡಿಯಿತು. ನನ್ನ ನಡೆ ಇಟ್ಟು ಕಾದು ಕೂತೆ. ಏನೂ ಆಗಲಿಲ್ಲ. ಆಮೇಲೆ ಕಣ್ಣು ಉರಿಯದಿದ್ದರೂ ಎದ್ದು ಹೋಗಿ ತೊಳೆದುಕೊಂಡು ಬಂದೆ. ಈಗ ಕುದುರೆ ನಡೆದಿತ್ತು.

ಮೂರನೆಯ ಸಲಕ್ಕೆ ನಾನು ಮಾಡಬೇಕಾದದ್ದು ತಿಳಿಯಿತು. ನಡೆ ಇಡುವುದು, ಅಂಗಳಕ್ಕೆ ಹೋಗುವುದು, ಕಣ್ಣು ತೊಳೆಯುವುದು, ಬರುವುದು. ಹೀಗೆ ಎಂಟು ಸಲ. ಎದುರು ಮನೆಯ ಕಟ್ಟೆಯ ಮೇಲೆ ಕೂತಿದ್ದ ಮುದುಕರೊಬ್ಬರು "ಕಣ್ಣಬ್ಯಾನಿ ಬಂದಾವೇನ್ರಿ?" ಎಂದು ಕೇಳಿದರು. "ಹೌದ್ರಿ," ಎಂದೆ. ಎಂಟನೆಯ ಸಲ ಒಳಗೆ ಬಂದಾಗ ನನ್ನ ರಾಜನಿಗೆ ಹೋಗಲು ಯಾವ ಮನೆಯೂ ಉಳಿದಿರಲಿಲ್ಲ. ಪಟದ ಪಕ್ಕದಲ್ಲಿ ಒಂದು ಲೋಟ ಮಜ್ಜಿಗೆ ಇತ್ತು.

ಗುರುಸಿದ್ಧಪ್ಪ ಬಂದವನು ಪಟವನ್ನು ನೋಡಿ ನಿಂತ. "ಇದ ಯಾವಾಗ ಆತು?"

"ನೀವ ಹೋದ ಮ್ಯಾಲ."

ಅವನು ಟೊಪ್ಪಿಗೆ ತೆಗೆದು ಒಂದು ಚೀಲದ ಮೇಲೆ ಕೂತ. "ಲಗ್ನಾದ ಹೊಸದಾಗ ನಾವಿಬ್ಬರೂ ಆಡತಿದ್ದಿವ್ರಿ. ದಿನಾ ಅಕೀನ ಗೆಲ್ಲತಿದ್ಲು. ಬಿಟ್ಟಬಿಟ್ಟೆ. ಒಂದಿನ ಪಾಹುಣ್ಯಾರ ಜೋಡಿ ಆಡುವಾಗ ಸಿಕ್ಕೊಂಡೆ. ನೀರ ಕುಡ್ಯಾಕ ಒಳಗ ಹೋದಾಗ ಕೇಳಿದೆ, ಅಕಿ ಹೇಳಿದ್ಲು. ಒಮ್ಮೆ ಕೇಳಿದ್ದು ಅಷ್ಟ. ಆಮ್ಯಾಲ ಊರ ಮಂದಿ ಹುಲಿ ಅಂದ್ರು. ಇಳ್ಯಾಕ ಬರಲಿಲ್ಲ ನನಗ."

ಒಳಗಿನ ಬಾಗಿಲು ಪೂರ್ತಿ ತೆರೆಯಿತು. ಅವನ ಹೆಂಡತಿ ನೀಲವ್ವ. ಮುರಗೂಡದ ಹೆಣ್ಣು, ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ತಂದೆಯ ಬೇಸರ ಕಳೆಯಲೆಂದು ಆಟ ಕಲಿತವರು ಎಂದು ಆಮೇಲೆ ಗೊತ್ತಾಯಿತು. ಅವರ ಬೆನ್ನ ಹಿಂದೆ ಅಡಿಗೆಮನೆಯ ಕಲ್ಲಿನ ಮೇಲೆ ಸುಣ್ಣದ ಗೆರೆ ಎಳೆದ ಪಟ ಕಾಣುತ್ತಿತ್ತು. ಅರಿಸಿನದ ಕೊಂಬು, ಹುಣಸೆ ಬೀಜ, ಅಡಿಕೆ ಚೂರುಗಳೇ ಕಾಯಿಗಳು. ಗಂಡ ಒಳಗೆ ಹೋಗಿ ನನ್ನ ನಡೆ ಹೇಳುತ್ತಿದ್ದ, ಅವರು ಅಲ್ಲಿ ಇಟ್ಟು ನೋಡಿ ಉತ್ತರ ಹೇಳಿ ಕಳಿಸುತ್ತಿದ್ದರು.

"ಇವರ ಕೈಯಾಗ ಹೇಳಿ ಕಳಸೂದು ಸಾಕಾಗೇತ್ರಿ ನನಗ," ಎಂದರು ನೀಲವ್ವ. "ಒಮ್ಮೊಮ್ಮೆ ಇವರು ತಮ್ಮದ ಒಂದು ನಡಿ ಆಡಿ ಬರತಾರ. ಆಮ್ಯಾಲ ಅದನ್ನ ರಿಪೇರಿ ಮಾಡೂದರಾಗ ನನ್ನ ಅರ್ಧಾ ಆಟ ಹೋಗತೈತಿ."

ಹತ್ತನೆಯ ನಡೆಯ ಗುಟ್ಟು ಹೀಗೆ ಬಯಲಾಯಿತು. ನಾನು ಅಲ್ಲಿಯೇ ಕೇಳಿದೆ: "ಕೊಲ್ಹಾಪುರಕ್ಕ ಬಂದು ಆಡ್ತೀರೇನ್ರಿ?"

ನೀಲವ್ವ ಗಂಡನ ಕಡೆ ನೋಡಿದರು. ಗುರುಸಿದ್ಧಪ್ಪ ಟೊಪ್ಪಿಗೆಯನ್ನು ಕೈಯಲ್ಲಿ ತಿರುಗಿಸುತ್ತ, "ಊರಾಗ ಏನಂತ ಹೇಳೂದು?" ಎಂದ. ಅದನ್ನು ಯಾರನ್ನು ಕೇಳಿದನೋ ತಿಳಿಯಲಿಲ್ಲ. ಆಮೇಲೆ ತಾನೇ ಹೇಳಿದ: "ಹೋಗಲಿ. ಇಚಲಕರಂಜ್ಯಾಗ ಎರಡ ಸಲ ಸೋತು ಬಂದೇನಿ. ಹುಲಿ ಅನ್ನೂದು ಹೆಂಗೂ ಮುಗದೈತಿ. ಬರತಾಳ್ರಿ. ನಾನೂ ಬರತೇನಿ, ಅಕಿ ಆಡೂದು ನೋಡಾಕ."

ಭೂಪಾಲಣ್ಣನಿಗೆ ಹೇಳಲು ಹೆದರಿದ್ದೆ. ಅವರು ಕೇಳಿದ್ದು ಒಂದೇ ಮಾತು: "ಹೆಂಗಸರ ಬರಬಾರದಂತ ಕೊಲ್ಹಾಪುರದವರ ಕಾಯದೆದಾಗ ಬರದಾರೇನು?"

"ಇಲ್ರಿ."

"ಹಂಗಾದ್ರ ಹೆಸರ ಬರಿ." ಹೆಸರು ಬರೆಯುತ್ತಿದ್ದಾಗ ಮತ್ತೆ ಕೇಳಿದರು: "ನಿನ್ನ ಸೋಲಿಸ್ಯಾಳಂದ್ರ ಮೊದಲನೇ ಪಟಕ್ಕ ಅಕಿನ್ನ ಕೂಡಸಬೇಕಲ್ಲೊ?"

ಹೊಸ ಕಾಯದೆ ಅವರಿಗೆ ರೂಢಿ ಇಲ್ಲ, ಈ ಸಲ ಎರಡನೆಯ ಪಟ ಇರಲಿ ಎಂದೆ. ಅದು ಸರಿಯಾದ ಮಾತೇ ಆಗಿತ್ತು. ಆದರೂ ಹೇಳುವಾಗ ನನ್ನ ದನಿ ಸ್ವಲ್ಪ ಗಡಿಬಿಡಿಯಾಗಿತ್ತು, ಅದು ನನಗೆ ಕೇಳಿಸಿತು.

ಪಂದ್ಯಕ್ಕೆ ಎರಡು ತಿಂಗಳಿತ್ತು. ಎರಡು ಸಲ ಗಡಹಿಂಗ್ಲಜಕ್ಕೆ ಹೋಗಿ ನೀಲವ್ವನೊಡನೆ ಹೊಸ ಆಟ ಆಡಿದೆ. ಉಳಿದದ್ದನ್ನು ಪೋಸ್ಟ್ ಕಾರ್ಡಿನಲ್ಲಿ ಕಲಿಸಿದೆ. ಒಂದು ಕಾರ್ಡಿಗೆ ಒಂದು ಕಾಯದೆ, ಕೆಳಗೆ ಪಟದ ಚಿತ್ರ. ಪ್ಯಾದೆಯ ಎರಡು ಮನೆಯ ನಡೆ, ರಾಜ ಆನೆಯ ಪಕ್ಕ ಸರಿಯುವ ರೀತಿ, ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂಬುದು, ಗಡಿಯಾರದ ಗುಂಡಿ ಒತ್ತುವುದು. ಅವರು ಕನ್ನಡದಲ್ಲಿ ಉತ್ತರ ಬರೆಯುತ್ತಿದ್ದರು, ಪ್ರತಿ ಕಾಗದದಲ್ಲೂ ಎರಡು ಮೂರು ಪ್ರಶ್ನೆ. ಒಂದು ಪ್ರಶ್ನೆಗೆ ಉತ್ತರ ನನಗೇ ಗೊತ್ತಿರಲಿಲ್ಲ, ಕೊಲ್ಹಾಪುರದ ಪಂಚರನ್ನು ಕೇಳಿ ಬರೆದೆ.

ಪಂದ್ಯದ ದಿನ ಕೊಲ್ಹಾಪುರದ ಕ್ಲಬ್ಬಿನಲ್ಲಿ ಎಂದಿಗಿಂತ ಹೆಚ್ಚು ಜನ ಸೇರಿದ್ದರು. ನೀಲವ್ವ ಸೆರಗು ಬಿಗಿಯಾಗಿ ಹೊದ್ದು, ಎರಡನೆಯ ಪಟದ ಮುಂದೆ, ಕುರ್ಚಿಯ ತುದಿಯಲ್ಲಿ ಕೂತರು. ಅವರಿಗೆ ಕುರ್ಚಿಯ ಮೇಲೆ ಕೂತು ಆಡುವುದೇ ಹೊಸದು. ಎದುರಿಗೆ ಒಬ್ಬ ವಕೀಲರು. ಮೊದಮೊದಲು ವಕೀಲರು ಸುತ್ತಲಿನವರನ್ನು ನೋಡಿ ನಗುತ್ತಿದ್ದರು. ಒಂದು ತಾಸಿನ ನಂತರ ನಗು ನಿಂತಿತು. ಗುರುಸಿದ್ಧಪ್ಪ ಗೋಡೆಗೆ ಒರಗಿ, ಎರಡೂ ಕೈ ಕಟ್ಟಿ, ಒಮ್ಮೆಯೂ ನೀರು ಕುಡಿಯಲು ಹೋಗದೆ ನಿಂತಿದ್ದ.

ನನ್ನ ಆಟ ಚೆನ್ನಾಗಿ ಸಾಗಿತ್ತು. ಬಿಡುವು ಸಿಕ್ಕಾಗೆಲ್ಲ ಓರೆಗಣ್ಣಿನಿಂದ ಪಕ್ಕದ ಪಟ ನೋಡುತ್ತಿದ್ದೆ. ವಕೀಲರ ಒಂದು ಪ್ಯಾದೆ ಬಹಳ ಮುಂದೆ ಬಂದು ನೀಲವ್ವನ ರಾಜನ ಕೋಟೆಯ ಹತ್ತಿರ ನಿಂತಿತ್ತು. ಅದನ್ನು ಅಲ್ಲೇ ತಡೆದು ನಿಲ್ಲಿಸಿದರೆ ಆಟ ನೀಲವ್ವನದೇ. ನೀಲವ್ವ ಯೋಚಿಸಿ, ತಮ್ಮ ಒಂದು ಪ್ಯಾದೆಯನ್ನು ಎರಡು ಮನೆ ಮುಂದೆ ತಂದು ಆ ಪ್ಯಾದೆಯ ಪಕ್ಕದಲ್ಲಿ ನಿಲ್ಲಿಸಿದರು. ಒಂದೇ ಮನೆ ಇಟ್ಟಿದ್ದರೆ ವಕೀಲರು ಓರೆಯಾಗಿ ಹೊಡೆಯುತ್ತಿದ್ದರು. ಎರಡು ಮನೆ ಹೋದದ್ದರಿಂದ ದಾಟಿ ಉಳಿಯಿತು. ಅವರು ಕಲಿತದ್ದರ ಪ್ರಕಾರ ಸರಿಯಾದ ನಡೆ.

ನಾನು ನನ್ನ ಪಟ ಬಿಟ್ಟು ವಕೀಲರ ಕೈಯನ್ನೇ ನೋಡತೊಡಗಿದೆ.

ಹೊಸ ಆಟದಲ್ಲಿ ಇನ್ನೊಂದು ಕಾಯದೆ ಇದೆ. ಪ್ಯಾದೆ ಎರಡು ಮನೆ ಜಿಗಿದು ಎದುರಾಳಿಯ ಪ್ಯಾದೆಯ ಪಕ್ಕಕ್ಕೆ ಬಂದರೆ, ಒಂದೇ ಮನೆ ನಡೆದಿದೆಯೆಂದು ಎಣಿಸಿ ಅದನ್ನು ಹೊಡೆಯಬಹುದು. ಮರುನಡೆಯಲ್ಲೇ ಹೊಡೆಯಬೇಕು, ಆಮೇಲೆ ಹಕ್ಕಿಲ್ಲ. ವಕೀಲರು ತಮ್ಮ ಪ್ಯಾದೆಯನ್ನು ಎತ್ತಿ, ಖಾಲಿ ಮನೆಯ ಮೇಲೆ ಓರೆಯಾಗಿ ಇಟ್ಟು, ನೀಲವ್ವನ ಪ್ಯಾದೆಯನ್ನು ಪಟದಿಂದ ತೆಗೆದರು.

ನೀಲವ್ವ ಬಹಳ ಹೊತ್ತು ಪಟ ನೋಡಿದರು. ಆಮೇಲೆ ಮೆಲ್ಲಗೆ, "ಆ ಮನ್ಯಾಗ ನನ್ನ ಪ್ಯಾದಿ ಇರಲಿಲ್ಲರಿ. ಅದು ಇಲ್ಲಿ ಇತ್ತು," ಎಂದು ಬೆರಳಿಟ್ಟು ತೋರಿಸಿದರು.

ಪಂಚರು ಬಂದು ಬಾಗಿ ನೋಡಿದರು. "ಬರೋಬರ ಆಹೇ, ಬಾಯಿ. ಅಸಾ ನಿಯಮ ಆಹೇ," ಎಂದರು. ಹೀಗೊಂದು ನಿಯಮ ಇದೆ.

ನೀಲವ್ವ ತಲೆ ಎತ್ತಿ ನನ್ನನ್ನು ನೋಡಿದರು. ಆಟದ ನಡುವೆ ಮಾತಾಡುವ ಹಾಗಿಲ್ಲ. ನಾನು ನನ್ನ ಪಟದ ಮೇಲೆ ಕಣ್ಣು ಊರಿದೆ. ಅವರ ಕೋಟೆ ಒಡೆದಿತ್ತು. ಇನ್ನೂ ಇಪ್ಪತ್ತು ನಡೆ ಹಟ ಹಿಡಿದು ಆಡಿ ಸೋತರು. ನಾನು ಗೆದ್ದೆ, ಮೂರನೆಯ ಪಟ ಸರಿಸಮ, ನಾಲ್ಕನೆಯದು ಸೋಲು. ನೀಲವ್ವ ಗೆದ್ದಿದ್ದರೆ ಪಂದ್ಯ ನಮ್ಮದು.

ಮುಂದಾದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಭೂಪಾಲಣ್ಣ ಕೋಣೆಯನ್ನು ನೂಲಿಗೆ ಕೊಡಲಿಲ್ಲ. ಮೂರು ತಾಸು ಹಿಂದಿನ ಸಾಲಿನಲ್ಲಿ ನಿಂತು ನೀಲವ್ವನ ಆಟ ನೋಡಿದ್ದರಂತೆ. ಏನು ತಿಳಿಯಿತೋ ಕೇಳುವ ಧೈರ್ಯ ನನಗೆ ಆಗಲಿಲ್ಲ. ಮರುವರ್ಷ ನೀಲವ್ವ ಮೊದಲ ಪಟಕ್ಕೆ ಕೂತು ಅದೇ ವಕೀಲರನ್ನು ಸೋಲಿಸಿದರು, ನಾವು ಪಂದ್ಯ ಗೆದ್ದೆವು. ಆರು ವರ್ಷ ನಾನು ಎರಡನೆಯ ಪಟದಲ್ಲಿ ಆಡಿದೆ. ಗುರುಸಿದ್ಧಪ್ಪ ಪ್ರತಿ ಪಂದ್ಯಕ್ಕೂ ಬಂದು, ಹೆಂಡತಿಯ ಆಟವನ್ನು ಪಕ್ಕದವರಿಗೆ ತಪ್ಪು ತಪ್ಪಾಗಿ ವಿವರಿಸುತ್ತ ನಿಲ್ಲುತ್ತಿದ್ದ. ಅವನನ್ನು ಅಷ್ಟು ಸಂತೋಷದಲ್ಲಿ ನಾನು ಮೊದಲು ಕಂಡಿರಲಿಲ್ಲ.

ನನಗೆ ತಿಳಿಯದೇ ಉಳಿದದ್ದು ಒಂದೇ. ಆ ಕಾಯದೆಯನ್ನು ನಾನು ಅವರಿಗೆ ಯಾಕೆ ಹೇಳಲಿಲ್ಲ? ಅದು ಅಪರೂಪಕ್ಕೆ ಬರುವ ನಡೆ, ಎಷ್ಟೋ ಆಟಗಳಲ್ಲಿ ಅದರ ಪ್ರಸಂಗವೇ ಬರುವುದಿಲ್ಲ, ಮರೆತಿರಬಹುದು. ಮನೆಯಲ್ಲಿ ಆಡಿದ ಆಟಗಳಲ್ಲಿಯೂ ಅದು ಬಂದಿರಲಿಲ್ಲ. ಆದರೆ ಆ ವರ್ಷವೇ ಇಚಲಕರಂಜಿಯಲ್ಲಿ ಆ ನಡೆಯಿಂದ ನಾನು ಎರಡು ಆಟ ಗೆದ್ದಿದ್ದೆ. ಗೆದ್ದ ನಡೆಯನ್ನು ಮನುಷ್ಯ ಮರೆಯುತ್ತಾನೆಯೇ? ಒಂದು ಸಂಜೆ ಗೋಡೌನಿನಲ್ಲಿ ಕೂತು ಒಂದು ಕಾರ್ಡಿಗೆ ಚಿತ್ರ ಬರೆಯಲು ಶುರುಮಾಡಿ, ಯಾರೋ ಕರೆದರೆಂದು ಎದ್ದದ್ದು ನೆನಪಿದೆ. ಅದು ಇದೇ ಕಾಯದೆಯ ಕಾರ್ಡೋ ಬೇರೆಯದೋ ಗೊತ್ತಿಲ್ಲ. ಮರಳಿ ಬಂದು ಅದನ್ನು ಮುಗಿಸಿದೆನೋ ಇಲ್ಲವೋ ಅದೂ ಗೊತ್ತಿಲ್ಲ. ಮೊದಲ ಪಟ ಕೈತಪ್ಪುತ್ತದೆ ಎಂಬ ಅಂಜಿಕೆ ನನ್ನಲ್ಲಿ ಇ‌ದ್ದದ್ದು ಮಾತ್ರ ನಿಜ. ಆ ಅಂಜಿಕೆಗೂ ಆ ಕಾರ್ಡಿಗೂ ಸಂಬಂಧ ಇತ್ತೋ ಇಲ್ಲವೋ, ಇಷ್ಟು ವರ್ಷ ಯೋಚಿಸಿದರೂ ನನಗೆ ಬಗೆಹರಿದಿಲ್ಲ.

ಪಂದ್ಯ ಮುಗಿದ ಸಂಜೆ ಅವರಿಬ್ಬರನ್ನು ಬಸ್ ಹತ್ತಿಸಲು ಸ್ಟ್ಯಾಂಡಿಗೆ ಹೋದೆ. ಗುರುಸಿದ್ಧಪ್ಪ ದಾರಿಗೆ ಭಡಂಗ, ಖಾರದ ಚುರುಮುರಿ, ಕಟ್ಟಿಸಿಕೊಂಡು ಬರಲು ಅಂಗಡಿಯ ಕಡೆ ಹೋದ. ನಾನು ಮತ್ತು ನೀಲವ್ವ ಕಲ್ಲಿನ ಬೆಂಚಿನ ಎರಡು ತುದಿಗೆ ಕೂತೆವು. ಅವರು ಬೈಯಬಹುದು, ಅಳಬಹುದು ಎಂದು ನಾನು ಕಾಯುತ್ತಿದ್ದೆ.

"ಏಳ ಕಾಗದ ಬಂದಾವ್ರಿ ನಿಮ್ಮವು," ಎಂದರು. "ಏಳೂ ನನಗ ಬಾಯಿಪಾಠ ಅದಾವ. ಇವತ್ತಿನ ನಡಿ ಅದರಾಗ ಇಲ್ಲ."

"ಇಲ್ರಿ," ಎಂದೆ.

"ಮರತಿದ್ರೇನು?"

"ಮರತಿದ್ದೆ."

ಅವರು ನನ್ನ ಮುಖವನ್ನು ಪಟ ನೋಡಿದ ಹಾಗೆಯೇ ನೋಡಿದರು, ಅವಸರವಿಲ್ಲದೆ. ನಂಬಿದರೋ ಬಿಟ್ಟರೋ ಹೇಳಲಾರೆ. ಆಮೇಲೆ ಬೆಂಚಿನ ಮೇಲೆ ನನ್ನ ಕಡೆ ಸ್ವಲ್ಪ ತಿರುಗಿ ಕೂತು, "ಹಂಗಾದ್ರ ಇನ್ನೇನೇನ ಮರತೀರಿ, ಈಗ ಹೇಳ್ರಿ. ಬಸ್ಸಿಗೆ ಇನ್ನೂ ಹೊತ್ತೈತಿ," ಎಂದರು.

ನಾನು ಹೇಳತೊಡಗಿದೆ. ಒಂದೇ ಸ್ಥಿತಿ ಮೂರು ಸಲ ಬಂದರೆ ಏನು, ಯಾವ ಕಾಯಿಯೂ ಹೋಗದೆ ಬಹಳ ನಡೆ ಕಳೆದರೆ ಏನು, ಶಹ, ಅಂದರೆ ಚೆಕ್, ಇಲ್ಲದೆಯೂ ರಾಜನಿಗೆ ಜಾಗ ಸಿಗದಿದ್ದರೆ ಏನು. ಹೇಳಿದ್ದನ್ನೂ ಇನ್ನೊಮ್ಮೆ ಹೇಳಿದೆ. ಅವರು ಒಂದೊಂದಕ್ಕೂ ಬೆರಳು ಮಡಿಚುತ್ತ ಹೋದರು. ಗುರುಸಿದ್ಧಪ್ಪ ಭಡಂಗದ ಪೊಟ್ಟಣ ಹಿಡಿದು ಬಂದು ಸುಮ್ಮನೆ ಪಕ್ಕದಲ್ಲಿ ನಿಂತ. ಗಡಹಿಂಗ್ಲಜದ ಬಸ್ಸು ಬಂತು, ಜನ ಏಳತೊಡಗಿದರು. ನೀಲವ್ವ ಏಳಲಿಲ್ಲ.

"ಮುಗೀತೇನ್ರಿ?" ಎಂದು ಕೇಳಿದರು.

ನಾನು ಮತ್ತೊಮ್ಮೆ ಎಲ್ಲವನ್ನೂ ಮನಸ್ಸಿನಲ್ಲಿ ಎಣಿಸಿ ನೋಡಿದೆ.

"ಮುಗೀತ್ರಿ," ಎಂದೆ. ಹೇಳುವಾಗ ನನಗೆ ಖಾತ್ರಿ ಇರಲಿಲ್ಲ.